ನಾಲಿಗೆಗೆ ಅಂಟಿದ ಆಮೆ

ಟಕ್! ಒಡೆದ ಎರಡು ಚೂರು ಸರಿಯಾಗಿ ಕೂಡಿದಾಗ ಆಗುವ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಬೆಟಗೇರಿಯಲ್ಲಿ, ನನ್ನ ಕಾನ್ವೆಂಟ್ ಗೆಳತಿ ಖೈರುನ್ನಿಸಾಳ ಡೈನಿಂಗ್ ಟೇಬಲ್ ಮೇಲೆ, ಕಲ್ಲಾಗಿಹೋದ ಆಮೆಯೊಂದರ ಚಿಪ್ಪನ್ನು ಇಬ್ಬರೂ ಜೋಡಿಸುತ್ತಿದ್ದೆವು. ಜಿಯಾಲಜಿ ಲೆಕ್ಚರರ್ ಆಗಿ ರಿಟೈರ್ ಆದ ಅವಳು, ಓದುವ ದಿನಗಳಲ್ಲಿ ನಾಗಪುರದ ಕಡೆಯಿಂದ ಆರಿಸಿ ತಂದಿದ್ದ ಚೂರುಗಳವು. ಕಣ್ಣು ಪೂರ್ತಿ ಮಂಜಾಗುವ ಮೊದಲು ಇಡೀ ಆಮೆಯನ್ನು ಕಾಲೇಜಿನ ಮ್ಯೂಸಿಯಮ್ಮಿಗೆ ಒಪ್ಪಿಸಬೇಕೆಂಬುದು ಅವಳ ಹಟ. ಒಯ್ಯಲು ಜೀಪು ಬರುವ ಹೊತ್ತಾಗಿತ್ತು. ನಡುಬೆನ್ನಿನ ಒಂದು ತುಣುಕು ಮಾತ್ರ ಸಿಕ್ಕಿರಲಿಲ್ಲ.

ಚೂರು ಹಳೆಯ ಎಲುಬೋ ಬರೀ ಕಲ್ಲೋ ತಿಳಿಯಲು ನಾಲಿಗೆಗೆ ಹಚ್ಚಿ ನೋಡಬೇಕು, ಎಲುಬಾದರೆ ಅಂಟುತ್ತದೆ. ಕಾನ್ವೆಂಟಿನಲ್ಲಿ ಮದರ್ ಕಲಿಸಿದ ಟೇಬಲ್ ಮ್ಯಾನರ್ಸನ್ನೆಲ್ಲ ಗಾಳಿಗೆ ತೂರಿ, ಟೇಬಲ್ ಮೇಲೆ ಉಳಿದ ಚೂರುಗಳನ್ನು ಒಂದೊಂದಾಗಿ ನೆಕ್ಕುತ್ತಾ ಹೋದೆ. ಒಂದು ಅಂಟಿತು.

"ಖೈರು, ಹತ್ತೇತಿ ನೋಡ! ಆದ್ರ ತುಸು ಉಪ್ಪುಪ್ಪು ಐತಿ."

"ಹಂಗಾರ ಸಮುದ್ರದ ಆಮೀನ ಇರಬೇಕ ಬಿಡ, ಹುಚ್ಚಿ!" ಎಂದು ಅವಳು ಅದನ್ನು ತೂತಿಗೆ ಕೂರಿಸಿದಳು. ಗೋಂದು ತರುವಷ್ಟರಲ್ಲಿ ಇರುವೆ ಸಾಲು ಆಮೆಯ ಬೆನ್ನೇರಿತ್ತು. ಅದು, ಅದೇ ಟೇಬಲ್ ಮೇಲೆ ಮಧ್ಯಾಹ್ನ ನಾವು ಮುರಿದು ತಿಂದ, ಒಣಗಿ ಗಟ್ಟಿಯಾದ ಕಟಕ ರೊಟ್ಟಿಯ ಚೂರು!

ಹೊರಗೆ ಜೀಪಿನ ಹಾರನ್. ಖೈರು ತುಣುಕನ್ನು ಕಿತ್ತು ಬಾಯಿಗೆ ಹಾಕಿಕೊಂಡು, "ಎವಿಡೆನ್ಸ್ ಖಲಾಸ್" ಎಂದು ಕಟಕಟ ಅಗಿದಳು.

ನಾನು ಮುಂಡರಗಿಗೆ ಮರಳಿದ ವಾರದಲ್ಲೇ ಅವಳು ತೀರಿಕೊಂಡಳು. ಕೊನೆಯ ಸಲ ನಾನು ನೋಡಿದಾಗ ಜೀಪಿನ ಮುಂದಿನ ಸೀಟಿನಲ್ಲಿ, ಆಮೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ತೂತು ಯಾರಿಗೂ ಕಾಣದಂತೆ ಅಂಗೈಯಿಂದ ಮುಚ್ಚಿ ಕೂತಿದ್ದಳು.