ಹೋದ ಸಲದ ಊಟ

ನಾರ್ವೆಯ ಪಡುಗಡಲಿನ ನಮ್ಮ ದ್ವೀಪಕ್ಕೆ ಮಾರೆಡ್ ಬಂದಿಳಿದದ್ದು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನದ ಫೆರಿಯಲ್ಲಿ. ವೇಲ್ಸಿನ ಹುಡುಗಿ, ಇಪ್ಪತ್ತಮೂರರ ಪ್ರಾಯ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಪಾಠಕ್ಕೆ ಸಹಾಯಕಿಯಾಗಿ ಬಂದವಳು. ಕೈಯಲ್ಲೊಂದು ಛತ್ರಿ. ಛತ್ರಿಯಂತೆ ಛತ್ರಿ! ನಮ್ಮೂರ ಗಾಳಿಯಲ್ಲಿ ಅದನ್ನು ಬಿಡಿಸುವ ಧೈರ್ಯ ಹುಟ್ಟಿ ಬೆಳೆದ ನಮಗೇ ಇಲ್ಲ. ಫೆರಿ ನಿಲ್ಲುವ ಕಟ್ಟೆಯಿಂದ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಅದರ ಕಡ್ಡಿಗಳೆಲ್ಲ ಮೇಲಕ್ಕೆ ಮಗುಚಿಕೊಂಡಿದ್ದವು. ಕಿಟಕಿಯಲ್ಲಿ ಮೂಗು ಒತ್ತಿ ನಿಂತಿದ್ದ ಮೂರನೆಯ ತರಗತಿಯ ಮಕ್ಕಳು ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹುಡುಗಿಯೂ ನಕ್ಕಳು. ಅವತ್ತೇ ಮಕ್ಕಳಿಗೆ ಹಿಡಿಸಿಬಿಟ್ಟಳು.

ನವೆಂಬರ್ ಬರುವ ಹೊತ್ತಿಗೆ ಅವಳು ಚೆನ್ನಾಗಿಯೇ ಒಗ್ಗಿಕೊಂಡಿದ್ದಳು. ಒಳಗೊಂದು ಹೊರಗೊಂದು ಉಣ್ಣೆ ಅಂಗಿ, ಮಧ್ಯಾಹ್ನಕ್ಕೆ ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಅದರ ಮೇಲೆ ಕಂದು ಚೀಸು. ಮಳೆ ಸುರಿಯುತ್ತಿದ್ದರೂ ಬಿಡುವಿನ ಹೊತ್ತಿಗೆ ಮಕ್ಕಳ ಜೊತೆ ಅಂಗಳದಲ್ಲೇ. ಹೆಡ್‌ಮಾಸ್ತರ್ ಟೋರ್ಗೈರ್‌ನನ್ನು ಎಂಟು ವರ್ಷದ ಚಿಳ್ಳೆಪಿಳ್ಳೆಗಳೂ ಹೆಸರು ಹಿಡಿದು ಕೂಗುವುದಕ್ಕೆ ಮೊದಮೊದಲು ಬೆಚ್ಚುತ್ತಿದ್ದವಳು ಈಗ ತಾನೂ ಕೂಗುತ್ತಿದ್ದಳು. ಬೆಳಿಗ್ಗೆ ಕತ್ತಲಲ್ಲೇ ಶಾಲೆಗೆ ನಡೆಯುವಾಗ ಅವಳಿಗೆ ಸುಮ್ಮಸುಮ್ಮನೆ ಖುಷಿಯಾಗುತ್ತಿತ್ತು. ಇಷ್ಟು ಸುಖ ಎಲ್ಲಿಂದ ಬಂತಪ್ಪಾ ಎಂದು ಅವಳಿಗೇ ಸೋಜಿಗ.

ಕಾಡುತ್ತಿದ್ದುದು ಒಂದೇ, ಗುನ್ವೋರ್.

ಗುನ್ವೋರ್ ಅವಳ ಮನೆಯೊಡತಿ. ಎಪ್ಪತ್ತು ದಾಟಿದವಳು, ನಲವತ್ತು ವರ್ಷ ದ್ವೀಪದ ಅಂಚೆಯನ್ನು ದೋಣಿಯಲ್ಲಿ ತಂದು ಹಂಚಿದವಳು. ಮಾಳಿಗೆಯ ಕೋಣೆಯನ್ನು ಕ್ರಿಸ್ಮಸ್‌ವರೆಗೆ ಮಾರೆಡ್‌ಗೆ ಬಾಡಿಗೆಗೆ ಕೊಟ್ಟಿದ್ದಳು. ಸೆಪ್ಟೆಂಬರಿನಲ್ಲೊಮ್ಮೆ ಕರೆದು ಮೀನಿನ ಸೂಪು ಮಾಡಿ ಬಡಿಸಿದ್ದಳು. ಮಾರೆಡ್ ಉಣ್ಣುವಾಗಲೂ ಏಳುವಾಗಲೂ ಬಾಗಿಲಲ್ಲೂ ಹತ್ತು ಸಲ ಥ್ಯಾಂಕ್ಸ್ ಹೇಳಿ ಮೇಲೆ ಹೋಗಿ ಮಲಗಿದಳು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಗುನ್ವೋರ್ ಎದುರಾದಾಗ, "ಅಬ್ಬಾ, ಏನ್ ಚಳಿ!" ಎಂದು ನಕ್ಕು ಶಾಲೆಗೆ ಓಡಿದಳು.

ಅಲ್ಲಿಂದ ಗುನ್ವೋರ್ ಮುಖ ಬಿಗಿದುಕೊಂಡಿತು. ಅದಕ್ಕೆ ಮುಂಚೆ ಶನಿವಾರ ಬಂತೆಂದರೆ ಮಾಳಿಗೆಯ ಬಾಗಿಲಲ್ಲಿ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು ಇರುತ್ತಿತ್ತು, ಅದು ನಿಂತುಹೋಯಿತು. ಕಂಡರೆ ಹೂಂ, ಕೇಳಿದರೆ ಉಹೂಂ. ನಮ್ಮೂರಿನವರೇ ಹಾಗೆ ಬಿಡಿ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಇಲ್ಲಿ ಎಲ್ಲರ ಮನೆಯಲ್ಲೂ ಬಂಗಾರ ರಾಶಿ ಬಿದ್ದಿದೆ. ಹೊರಗಿನಿಂದ ಬಂದ ಹುಡುಗಿಗೆ ಅದು ಹೇಗೆ ತಿಳಿಯಬೇಕು? ಬಚ್ಚಲಲ್ಲಿ ನೀರು ಜಾಸ್ತಿ ಚೆಲ್ಲಿದೆನೋ, ಮೆಟ್ಟಿಲು ಜೋರಾಗಿ ತುಳಿದೆನೋ ಎಂದು ತಲೆ ಕೆಡಿಸಿಕೊಂಡು ಕಾಲ್ಬೆರಳಲ್ಲಿ ನಡೆಯತೊಡಗಿದಳು.

ನವೆಂಬರಿನ ಕೊನೆಯ ವಾರ ಟೋರ್ಗೈರ್ ಅವಳನ್ನು ಕರೆದು ಹೇಳಿದ:

"ಜೂನ್‌ವರೆಗೂ ನೀನೇ ಇರ್ಬೇಕು ಅಂತ ಮಕ್ಕಳ ಹಟ. ನಂದೂ ಅದೇ. ಆದ್ರೆ ಕೋಣೆ? ಗುನ್ವೋರ್ ಹತ್ರ ಕೇಳಿದ್ಯಾ?"

"ಇಲ್ಲ. ಅವರಿಗೆ ನನ್ನ ಕಂಡ್ರೆ ಆಗಲ್ಲ."

"ಈ ದ್ವೀಪದಲ್ಲಿ ಬೇರೆ ಕೋಣೆ ಹುಡುಕೋದೂ ಒಂದೇ, ಕುರಿ ಕೊಟ್ಟಿಗೆಲಿ ಮಲಗೋದೂ ಒಂದೇ. ಶುಕ್ರವಾರದೊಳಗೆ ಹೇಳು, ಆಯ್ತಾ?"

ಗುನ್ವೋರ್ ಬೇಡ ಅಂದರೆ ಕ್ರಿಸ್ಮಸ್‌ಗೆ ಗಂಟುಮೂಟೆ ಕಟ್ಟುವುದೇ. ಈ ಊರು ಬಿಟ್ಟುಹೋಗಬೇಕೆಂದು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಗುರುವಾರ ಮೂರನೆಯ ತರಗತಿಯಲ್ಲಿ ಅವಳದು ಮರ್ಯಾದೆಯ ಪಾಠ. ದಯವಿಟ್ಟು ಅನ್ನುವುದಕ್ಕೆ ಸರಿಯಾದ ಮಾತೇ ಇಲ್ಲದ ಈ ಜನಕ್ಕೆ ನಾಲ್ಕು ಒಳ್ಳೆಯ ಮಾತು ಕಲಿಸೋಣ ಎಂದು ಅವಳ ಆಸೆ. ನೆಂಟರಾಟ ಆಡಿಸಿದಳು. ಔಡುನ್ ಎಂಬ ಹುಡುಗ ಮನೆಯವನು, ಟಿರಿಲ್ ಎಂಬ ಹುಡುಗಿ ನೆಂಟಳು. ನೆಂಟಳು ಬಂದಳು, ಕೇಕು ತಿಂದ ಹಾಗೆ ಮಾಡಿದಳು, ಥ್ಯಾಂಕ್ಸ್ ಹೇಳಿ ಹೊರಟಳು. ಇನ್ನೊಂದು ದಿನ ಬಂದ ಹಾಗೆ ಆಡು ಎಂದು ಮಾರೆಡ್ ಹೇಳಿದಾಗ, ಬಾಗಿಲೆಂದು ಮೇಜು ಕುಟ್ಟಿ ಒಳಗೆ ಬಂದವಳು ಅಲ್ಲೇ ತಡವರಿಸಿದಳು.

"ಮಾರೆಡ್, 'ಹೋದ ಸಲಕ್ಕೆ ಥ್ಯಾಂಕ್ಸ್' ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?"

"ಹಾಗೆಲ್ಲ ನಾವು ಹೇಳಲ್ಲ ಪುಟ್ಟಿ. ಹೊರಡುವಾಗ್ಲೇ ಹೇಳಿರ್ತೀವಲ್ಲ."

"ಹೊರಡುವಾಗ ಎಲ್ರೂ ಹೇಳ್ತಾರೆ, ಅದೇನ್ ಮಹಾ! ಆಮೇಲೆ ಸಿಕ್ಕಾಗ ಮೊದಲು ಅದನ್ನೇ ಹೇಳ್ಬೇಕು. ಹೇಳ್ದಿದ್ರೆ ಊಟ ಸೇರ್ಲಿಲ್ಲ ಅಂತ ತಾನೆ?"

"ನಮ್ಮ ಚಿಕ್ಕಪ್ಪ ಒಂದ್ಸಲ ಮರೆತ," ಎಂದ ಔಡುನ್. "ಅಮ್ಮ ಅವನಿಗೆ ಮೂರು ತಿಂಗಳು ಕೇಕ್ ಕೊಡ್ಲಿಲ್ಲ."

ಟಿರಿಲ್ ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ನಿಮ್ಮೂರಲ್ಲಿ ಉಂಡ ಮನೇನ ಮರೆತೇಬಿಡ್ತಾರಾ?"

ಮಾರೆಡ್‌ಗೆ ಮೆಟ್ಟಿಲ ಮೇಲಿನ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಗುನ್ವೋರ್ ಏನೋ ಕಾಯುವವಳ ಹಾಗೆ ನಿಂತೇ ಇದ್ದಳು, ತಾನು ಚಳಿಯ ಮಾತಾಡಿ ಓಡಿಬಿಟ್ಟಿದ್ದಳು. ಅಯ್ಯೋ ದೇವರೇ, ಊರಿಗೆಲ್ಲ ಮರ್ಯಾದೆ ಕಲಿಸಲು ಹೊರಟ ನಾನೇ ಮರ್ಯಾದೆಗೆಟ್ಟವಳಾದೆನಲ್ಲ!

ಮೂರು ಗಂಟೆಗೆ, ಬೆಳಕು ಮಾಸುವ ಹೊತ್ತಿಗೆ, ಅವಳು ಮನೆ ಮುಟ್ಟಿದಳು. ಗುನ್ವೋರ್ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಮಾರೆಡ್ ಚೀಲವನ್ನೂ ಇಳಿಸದೆ ಎದುರು ಹೋಗಿ ನಿಂತಳು.

"ಗುನ್ವೋರ್, ಹೋದ ಸಲಕ್ಕೆ ಥ್ಯಾಂಕ್ಸ್."

ಸೌದೆ ಹಿಡಿದ ಕೈ ಅಲ್ಲೇ ನಿಂತಿತು. "ಯಾವ ಸಲ?"

"ಸೆಪ್ಟೆಂಬರ್‌ದು. ಮೀನಿನ ಸೂಪು, ನೀಲಿ ಹೂವಿನ ಬಟ್ಟಲು. ಅಂಚೆ ಚೀಲ ಸಮುದ್ರಕ್ಕೆ ಬಿದ್ದಾಗ ನೀವು ಪತ್ರಗಳ್ನೆಲ್ಲ ಹಗ್ಗಕ್ಕೆ ಒಣಹಾಕಿದ ಕತೆ ಹೇಳಿದ್ರಿ. ನಮ್ಮ ಕಡೆ ಈ ಪದ್ಧತಿ ಇಲ್ಲ ಗುನ್ವೋರ್. ಇವತ್ತು ಮಕ್ಕಳು ಹೇಳಿದ್ಮೇಲೆ ಗೊತ್ತಾಯ್ತು. ತಪ್ಪಾಯ್ತು."

ಗುನ್ವೋರ್ ಸೌದೆ ಸೀಳುವ ಕೊರಡಿನ ಮೇಲೆ ಮೆಲ್ಲಗೆ ಕೂತಳು.

"ಉಪ್ಪು ಜಾಸ್ತಿಯಾಯ್ತೇನೋ ಅಂದ್ಕೊಂಡಿದ್ದೆ. ಇಲ್ದಿದ್ರೆ, ಮುದುಕಿ ಕತೆ ಹೇಳಿ ತಲೆ ತಿಂದ್ಲು ಅಂತ ನಿಂಗೆ ಬೇಜಾರಾಗಿರ್ಬೇಕು ಅಂತ. ಹನ್ನೊಂದು ವಾರ, ಮಾರಾಯ್ತಿ! ಒಲೆ ಮುಂದೆ ನಿಂತಾಗೆಲ್ಲ ಅದೇ ಯೋಚನೆ. ಬ್ರೆಡ್ ಇಡೋಕೂ ನಾಚಿಕೆ, ಅದನ್ನೂ ಇವಳು ಕಷ್ಟಪಟ್ಟು ತಿಂತಾಳೋ ಏನೋ ಅಂತ."

"ಕೇಳಬಹುದಿತ್ತಲ್ಲ ನೀವು?"

"ಕೇಳೋದಾ! ಊಟ ಹಾಕಿ, ಹೇಗಿತ್ತು ಅಂತ ಬಾಯಿಬಿಟ್ಟು ಕೇಳ್ತಾರೇನೇ ಯಾರಾದ್ರೂ?"

ಮಾರೆಡ್‌ಗೆ ಕಣ್ಣು ತುಂಬಿತು. ಸಿಟ್ಟೆಂದು ತಿಳಿದು ತಾನು ಹೆದರಿ ಬೆರಳ ಮೇಲೆ ನಡೆದದ್ದು, ಆಕೆ ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡದ್ದು. ಒಂದೇ ಮನೆಯಲ್ಲಿ ಇಬ್ಬರೂ ಸುಮ್ಮನೆ ಸಂಕಟಪಟ್ಟಿದ್ದರು. ಸಮಾಧಾನಕ್ಕೊಂದು ಸುಳ್ಳು ಹೇಳೋಣವೆಂದರೆ ಬಾಯಿಗೆ ಬರಲಿಲ್ಲ.

"ಉಪ್ಪು ಸ್ವಲ್ಪ ಜಾಸ್ತೀನೇ ಇತ್ತು," ಎಂದಳು. "ಆದ್ರೂ ನಾನು ಎರಡು ಸಲ ಹಾಕಿಸ್ಕೊಂಡೆ."

ಗುನ್ವೋರ್ ಅವಳನ್ನೇ ದಿಟ್ಟಿಸಿ, ಆಮೇಲೆ ಭುಜ ಕುಲುಕುವ ಹಾಗೆ ನಕ್ಕಳು. "ನಂಗೊತ್ತಿತ್ತು! ಹಾಳಾದ್ದು, ಉಪ್ಪು ಎರಡು ಸಲ ಹಾಕಿದ್ದೆ!"

"ಗುನ್ವೋರ್, ಜನವರಿಗೆ ಆ ಕೋಣೆ..."

"ಮೊದಲು ಈ ಸೌದೆ ಹಿಡಿ. ಐದು ಗಂಟೆಗೆ ಊಟಕ್ಕೆ ಬಾ."

ಮತ್ತೆ ಅದೇ ನೀಲಿ ಬಟ್ಟಲು, ಅದೇ ಮೀನಿನ ಸೂಪು. ಮಾರೆಡ್ ಒಂದು ಚಮಚ ಬಾಯಿಗಿಟ್ಟಳು. ಸಪ್ಪೆ ಅಂದರೆ ಸಪ್ಪೆ, ಒಂದು ಹರಳು ಉಪ್ಪಿಲ್ಲ. ತಲೆಯೆತ್ತಿದರೆ, ಗುನ್ವೋರ್ ಉಪ್ಪಿನ ಡಬ್ಬಿಯನ್ನು ಮೆಲ್ಲಗೆ ಇವಳ ಕಡೆ ತಳ್ಳುತ್ತಿದ್ದಳು.

"ಹಾಕ್ಕೋ, ಹಾಕ್ಕೋ. ನಿನ್ನ ಹದ ನಂಗಿನ್ನೂ ಗೊತ್ತಿಲ್ಲ. ಇರ್ಲಿ, ಕಲಿಯೋಕೆ ಜೂನ್‌ವರೆಗೂ ಟೈಮಿದ್ಯಲ್ಲ."

ಮರುದಿನ ಬೆಳಿಗ್ಗೆ ಟೋರ್ಗೈರ್‌ಗೆ ಸುದ್ದಿ ಹೇಳಲು ಮಾರೆಡ್ ಎಂದಿಗಿಂತ ಬೇಗನೆ, ಧಡಧಡನೆ ಮೆಟ್ಟಿಲಿಳಿದಳು. ಕೆಳಗೆ ಗುನ್ವೋರ್ ಪೊರಕೆ ಹಿಡಿದು, ಆಗಲೇ ಗುಡಿಸಿದ್ದ ಮೆಟ್ಟಿಲನ್ನು ಮತ್ತೆ ಗುಡಿಸುತ್ತ, ಏನೋ ಕಾಯುವವಳ ಹಾಗೆ ನಿಂತಿದ್ದಳು.