ಬೆಳಗಿನ ನಲವತ್ತು ನಿಮಿಷ

ಬಸರೀಕಟ್ಟೆ ಕಡೆಯ ಕಾಫಿ ತೋಟಗಳಿಗೆ ಆಳುಗಳನ್ನು ಕರೆದೊಯ್ಯುವ ಜೀಪುಗಳಿಗೆ ನಾನೊಂದು ಆ್ಯಪ್ ಮಾಡಿದ್ದೆ. ಕಾಲೇಜಿನಲ್ಲಿ ಕಲಿತದ್ದಲ್ಲ, ವಿಡಿಯೊ ನೋಡಿ ನೋಡಿ ಕಲಿತದ್ದು. ಇವತ್ತು ಯಾವ ಜೀಪು ಎಲ್ಲಿ ನಿಲ್ಲುತ್ತದೆ ಎಂಬ ಪಟ್ಟಿ ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ಪಟ್ಟಿ ಇದ್ದದ್ದು ಬಾಡಿಗೆಗೆ ಹಿಡಿದ ಕ್ಲೌಡ್ ಸರ್ವರಿನಲ್ಲಿ.

ಕೊಯ್ಲಿನ ಒಂದು ಸೋಮವಾರ, ಆರೂವರೆಯಿಂದ ನಲವತ್ತು ನಿಮಿಷ, ಸರ್ವರ್ ಸತ್ತಿತು. ಪಟ್ಟಿ ಕಾಣದೆ ನಮ್ಮ ಪಕ್ಕದ ಮನೆಯ ಅಕ್ಕ ಹಿಂದಿನ ದಿನದ ಜಾಗದಲ್ಲೇ ನಿಂತಿದ್ದರು. ಜೀಪು ಬೇರೆ ದಾರಿಯಲ್ಲಿ ಹೋಯಿತು. ತೋಟದ ಮೇಸ್ತ್ರಿ ಅಕ್ಕನ ಜಾಗಕ್ಕೆ ಇನ್ನೊಬ್ಬರನ್ನು ಹಾಕಿಕೊಂಡು, ಕೊಯ್ಲು ಮುಗಿಯುವ ತನಕ ಇನ್ನು ಬರುವುದು ಬೇಡ ಎಂದುಬಿಟ್ಟ.

ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಬರೆದೆ. ನಿರ್ವಹಣೆಗೆಂದು ನಿಲ್ಲಿಸಿದ್ದು, ಒಪ್ಪಂದದ ಮಿತಿಯೊಳಗೇ ಇದೆ ಎಂಬ ಉತ್ತರ ಬಂತು. ಕೊನೆಯಲ್ಲೊಂದು ನಗುವ ಮುಖ. ಮೈಯೆಲ್ಲ ಉರಿಯಿತು. ಆ ಒಪ್ಪಂದವನ್ನು ಓದದೆ ಒಪ್ಪಿಗೆ ಒತ್ತಿದವನು ನಾನೇ ಎಂದು ನೆನಪಾಗಿ ಇನ್ನೂ ಉರಿಯಿತು.

ಕೊಪ್ಪದಲ್ಲಿ, ಆಳುಗಳ ಜೀಪು ಓಡಿಸುವ ಸಾಹೇಬರ ಹತ್ತಿರ ಹೇಳಿಕೊಂಡೆ. ಅವರು ಸಮಾಧಾನ ಮಾಡಲಿಲ್ಲ.

"ಎಷ್ಟು ಹೊತ್ತು ಅನ್ನೋದು ಬಿಡು, ಯಾವಾಗ ನಿಲ್ಸ್ತಾರೆ ಅಂತ ಕೇಳಿದ್ಯಾ ಮಾರಾಯ? ನನ್ ಜೀಪು ಮಧ್ಯಾಹ್ನ ಪೂರ್ತಿ ನಿಂತಿದ್ರೂ ಯಾರೂ ಕೇಳಲ್ಲ. ಬೆಳಿಗ್ಗೆ ಆರೂವರೆಗೆ ಬರ್ಲಿಲ್ಲ ಅಂದ್ರೆ ನಾನು ಈ ಊರಲ್ಲಿ ಮುಖ ತೋರ್ಸಕ್ಕಾಗತ್ತಾ?"

ಅದನ್ನೇ ಹಿಡಿದುಕೊಂಡೆ. ಕಂಪನಿಯವ ಫೋನಿನಲ್ಲಿ ಕೆಲವು ದಿನದ ಸೇವೆ ಪುಕ್ಕಟೆ ಕೊಡುತ್ತೇನೆ ಎಂದ. ಬೇಡ, ಬೆಳಿಗ್ಗೆ ಆರರಿಂದ ಎಂಟರವರೆಗೆ ನಿಲ್ಲಿಸುವುದಿಲ್ಲ ಎಂದು ಬರೆದುಕೊಡಿ ಎಂದೆ. ಅಂಥ ಷರತ್ತು ದೊಡ್ಡ ಗ್ರಾಹಕರಿಗೆ ಮಾತ್ರ ಎಂದ.

"ಸಣ್ಣವರಿಗೆ ಬೆಳಗಾಗಲ್ವಾ ಸರ್?"

ಬರೆದು ಕಳಿಸಿ ಎಂದು ಫೋನಿಟ್ಟ. ನಾಲ್ಕು ದಿನ ಬಿಡದೆ ಬರೆದೆ. ಐದನೆಯ ದಿನ ಒಂದೇ ಸಾಲು ಬಂತು: ನಿರ್ವಹಣೆ ಇನ್ನು ಮಧ್ಯಾಹ್ನ, ಮೊದಲೇ ತಿಳಿಸಲಾಗುವುದು. ಒಂದು ಸಾಲಿಗೆ ಐದು ದಿನ. ಅದನ್ನೇ ನಂಬಿ ಕೂರದೆ, ಪಟ್ಟಿ ಹಿಂದಿನ ಸಂಜೆಯೇ ಫೋನಿಗೆ ಇಳಿಯುವಂತೆ ಮಾಡಿದೆ. ಮೊದಲೇ ಮಾಡಬೇಕಿತ್ತು.

ಗೆದ್ದವನ ಹಾಗೆ ಅಕ್ಕನ ಮನೆಗೆ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಒಳ್ಳೇದಾಯ್ತು. ನನ್ ಜಾಗನ ಯಾರ ಹತ್ರ ಕೇಳ್ತೀಯ?"

ಮೇಸ್ತ್ರಿಯ ಹತ್ತಿರ ಹೋಗಿ ತಪ್ಪು ನನ್ನದು, ಅವರದಲ್ಲ ಎಂದೆ. ಆ ಜಾಗದಲ್ಲೀಗ ಬೇರೆಯವರಿದ್ದಾರೆ, ಅವರನ್ನು ಹೇಗೆ ತೆಗೆಯಲಿ ಎಂದ. ಅವನ ಮೇಲೂ ಸಿಟ್ಟು ಬಂತು, ಆದರೆ ಅವನ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಆ ಕೊಯ್ಲು ಮುಗಿಯುವವರೆಗೂ ಅಕ್ಕ ಸೀತೂರಿನ ಕಡೆ ಗದ್ದೆ ಕೆಲಸಕ್ಕೆ ಹೋದರು, ಎರಡು ಬಸ್ಸು ಬದಲಾಯಿಸಿಕೊಂಡು.