ಅಕ್ಕನ ಶಾಲು, ನನ್ನ ಹಳೇ ಲೆನ್ಸು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದ ಐಶ್ವರ್ಯ ದೂರದ್ದನ್ನು ಹತ್ತಿರ ತೋರಿಸುವ ಒಂದು ಹಳೆಯ ಟೆಲಿ ಲೆನ್ಸು. ಸಿಂಧನೂರಿನಲ್ಲಿ ಮುಚ್ಚುತ್ತಿದ್ದ ಸ್ಟುಡಿಯೊ ಒಂದರಲ್ಲಿ ಅಗ್ಗಕ್ಕೆ ಸಿಕ್ಕಿತು. ರೀಲಿನ ಕಾಲದ್ದು, ಸೌತೆಕಾಯಿಯಷ್ಟು ಉದ್ದ, ಒಳ್ಳೆಯ ಭಾರ. ನನ್ನ ಹಳೆಯ ಡಿಜಿಟಲ್ ಕ್ಯಾಮೆರಾಕ್ಕೆ ಅದು ನೇರವಾಗಿ ಕೂರುವುದಿಲ್ಲ, ನಡುವೆ ಬಳೆಯಂಥ ಅಡಾಪ್ಟರ್ ಬೇಕು. ಗಾಜಿದ್ದ ಅಡಾಪ್ಟರ್ ದುಬಾರಿ ಎಂದು ಗಾಜಿಲ್ಲದ್ದನ್ನು ತರಿಸಿದೆ. ಮಾಳಿಗೆಯ ಮೇಲೆ ನಿಂತು ಪಕ್ಕದ ಮನೆಯ ಮೇಕೆಯನ್ನು ತೆಗೆದೆ. ಗಡ್ಡದ ಕೂದಲು ಒಂದೊಂದೂ ಎಣಿಸುವ ಹಾಗಿತ್ತು. ಆ ಫೋಟೊ ನಾನು ತೋರಿಸದ ನೆಂಟನಿಲ್ಲ.

ಅಕ್ಕ ಪಾಮನಕಲ್ಲೂರಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ನಿವೃತ್ತಿಯಾದಾಗ ಮಸ್ಕಿಯ ಕಲ್ಯಾಣ ಮಂಟಪದಲ್ಲಿ ಸನ್ಮಾನ ಇಟ್ಟುಕೊಂಡರು. ಫೋಟೊದವನಿಗೂ ಹೇಳಿದ್ದರು. "ಅವ ಯಾಕ ಬೇಕು? ನಾ ಅದೀನಲ್ಲ" ಎಂದು ನಾನೇ ಬಿಡಿಸಿದೆ. ಸಭೆಯಲ್ಲಿ ಮೊಬೈಲ್ ಎತ್ತಿದವರನ್ನೂ ಬಿಡಲಿಲ್ಲ.

"ಅಡ್ಡ ಬರ್ತಾವರೀ, ಕೆಳಗಿಡ್ರಿ. ಇದ್ರಾಗ ಬಾಗಿಲದಾಗ ನಿಂತು ತೆಗದ್ರೂ ಮುಂದ ನಿಂತಂಗ ಬರ್ತೈತಿ."

ಬಾಗಿಲಲ್ಲೇ ನಿಂತೆ. ವೇದಿಕೆಯ ಮೇಲೆ ಅಕ್ಕನಿಗೆ ಶಾಲು ಹೊದಿಸಿದರು. ಫೋಕಸ್ ತಿರುಗಿಸಿದೆ, ಇನ್ನೂ ತಿರುಗಿಸಿದೆ, ಕೊನೆಗೆ ಅದು ತಿರುಗದೆ ನಿಂತುಬಿಟ್ಟಿತು. ಅಕ್ಕನ ಮುಖ ಮಾತ್ರ ಕುದಿಯುವ ಎಸರಿನ ಆವಿಯಾಚೆ ಇದ್ದ ಹಾಗೇ ಇತ್ತು. ಗಾಜಿಲ್ಲದ ಆ ಅಡಾಪ್ಟರ್ ಹಾಕಿದರೆ ದೂರದ್ದು ಸ್ಪಷ್ಟವಾಗುವುದೇ ಇಲ್ಲವಂತೆ. ಹತ್ತಿರದ ಮೇಕೆಯನ್ನೇ ತೆಗೆದು ಬೀಗಿದವನಿಗೆ ಅದು ಹೇಗೆ ಗೊತ್ತಾಗಬೇಕು?

ನಮ್ಮಲ್ಲಿ ಶಾಲು ಹೊದಿಸಿದವರು ಅದರ ತುದಿ ಬಿಡುವುದಿಲ್ಲ, ಹೊದ್ದವರು ಅಲುಗುವುದಿಲ್ಲ. ಫೋಟೊದವನು ತಲೆಯಾಡಿಸಬೇಕು, ಆಮೇಲೆಯೇ ಚಪ್ಪಾಳೆ. ಅಕ್ಕ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಕುರ್ಚಿಗಳ ನಡುವೆ ಮುಂದಕ್ಕೆ ನಡೆದಿದ್ದರೆ ಸಾಕಿತ್ತು, ಮುಖ ಸಿಕ್ಕುತ್ತಿತ್ತು. ಆದರೆ ಬಾಗಿಲಿಂದಲೇ ತೆಗೆಯುತ್ತೇನೆಂದು ಅಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ! ಒತ್ತಿದೆ. ತಲೆಯಾಡಿಸಿದೆ. ಚಪ್ಪಾಳೆ ಬಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಅಕ್ಕ ಫೋಟೊ ಕೇಳುತ್ತಲೇ ಇದ್ದಳು. ತಪ್ಪಿಸಿಕೊಂಡು ಸಾಕಾಗಿ, ಇದ್ದುದರಲ್ಲೇ ವಾಸಿಯಾದದ್ದಕ್ಕೆ ಕಟ್ಟು ಹಾಕಿಸಿ ಅವಳ ಮನೆಗೆ ಒಯ್ದೆ. ಬೈದರೆ ಬೈಸಿಕೊಳ್ಳೋಣ ಎಂದು ಕೂತೆ. ಅವಳು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಂಡು ನೋಡಿದಳು, ಮತ್ತೆ ಒರೆಸಿದಳು.

"ನನ್ನ ಕಣ್ಣ ಹೋದುವೇನೋ ತಮ್ಮಾ. ಶಾಲಿನ ಬಣ್ಣ ಕಾಣಾಕತ್ತೈತಿ, ಮುಖ ಕಾಣವಲ್ದು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆಯೇ.

"ವಯಸ್ಸಾತಲ್ಲಕ್ಕಾ. ಲಿಂಗಸುಗೂರಿನಾಗ ಡಾಕ್ಟರಿಗೆ ತೋರ್ಸೋಣು."

ಕಣ್ಣು ಸರಿಹೋದ ಮೇಲೆ ಕಣ್ತುಂಬ ನೋಡುತ್ತೇನೆ ಎಂದು ಅವಳು ಫೋಟೊವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಳು.

ನಾಳೆ ಡಾಕ್ಟರ ಹತ್ತಿರ ಹೋಗಬೇಕು. ಬೆಳಗಿನ ಬಸ್ಸಿಗೆಂದು ಅಕ್ಕ ಇವತ್ತೇ ನಮ್ಮ ಮನೆಗೆ ಬಂದಿದ್ದಾಳೆ. ಅಂಗಳದಲ್ಲಿ ಪಕ್ಕದ ಮನೆಯವಳೊಂದಿಗೆ ಮಾತಾಡುತ್ತಿರುವುದು ಒಳಗಿರುವ ನನಗೆ ಕೇಳಿಸುತ್ತಿದೆ.

"ನಮ್ಮ ತಮ್ಮ ಅಷ್ಟು ಚಲೋ ಫೋಟೊ ತೆಗದಾನವಾ. ನೋಡಾಕ ನನಗ ಕಣ್ಣಿಲ್ಲ."